ಎಲುಬೆಂಬ ಠೇವಣಿ

ಸೆರೆಬ್ರಲ್ ಪಾಲ್ಸಿಯುಳ್ಳ ಮಗು ಮನೆಯಲ್ಲಿದ್ದರೆ ತಂದೆತಾಯಿಗಳ ಚಿಂತೆಯೆಲ್ಲ ಅದರ ಮೆದುಳಿನ ಸುತ್ತಲೇ ಸುತ್ತುವುದು ಸಹಜ. ಮಾತು ಬಂದೀತೇ, ನಡೆದೀತೇ, ಫಿಟ್ಸ್ ನಿಂತೀತೇ ಎಂಬ ಪ್ರಶ್ನೆಗಳ ನಡುವೆ ಎಲುಬಿನ ಯೋಚನೆ ಯಾರಿಗೂ ಬರುವುದಿಲ್ಲ. ಅದು ಮುರಿದ ದಿನವಷ್ಟೇ ಅದರ ನೆನಪಾಗುತ್ತದೆ. ಈ ವಿಳಂಬ ಸಲ್ಲದು.

ಎಲುಬು ಕಲ್ಲಿನಂತೆ ಜಡವಸ್ತುವಲ್ಲ. ದಿನವೂ ಜಮಾ-ಖರ್ಚು ನಡೆಯುವ ಜೀವಂತ ಖಾತೆ. ಮನುಷ್ಯನ ಎಲುಬಿನ ಗರಿಷ್ಠ ಸಂಗ್ರಹದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು 20 ವರ್ಷದೊಳಗೇ ಜಮೆಯಾಗುತ್ತದೆ. ಹೊರುವ ಭಾರಕ್ಕೆ ತಕ್ಕಂತೆ ಎಲುಬು ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುವುದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿಯೇ ಪ್ರತಿಪಾದಿಸಿದ್ದನು. ಓಡುವ, ಕುಣಿಯುವ ಮಗು ತನಗರಿಯದೆಯೇ ಠೇವಣಿ ಕಟ್ಟುತ್ತಿರುತ್ತದೆ. ಹಾಸಿಗೆ ಅಥವಾ ಗಾಲಿಕುರ್ಚಿಯಲ್ಲಿ ದಿನ ಕಳೆಯುವ ಮಗುವಿಗೆ ಆ ಅವಕಾಶವಿಲ್ಲ.

ಜಮೆ ಕಡಮೆಯಾದದ್ದು ಸಾಲದೆಂಬಂತೆ ಇತರ ಕೊರತೆಗಳೂ ಸೇರುತ್ತವೆ. ನುಂಗುವುದು ಕಷ್ಟವಾದ ಮಗುವಿಗೆ ಆಹಾರ ಸಾಲದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಫೀನೋಬಾರ್ಬಿಟೋನ್, ಕಾರ್ಬಮಜೆಪೀನ್ ಮುಂತಾದ ಔಷಧಗಳು ಯಕೃತ್ತಿನಲ್ಲಿ ಡಿ ಜೀವಸತ್ವವನ್ನು ಬೇಗನೆ ಕರಗಿಸುತ್ತವೆ. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸುವುದು ಪ್ರಾಣಾಪಾಯಕರ. ಡಿ ಜೀವಸತ್ವದ ರಕ್ತಪರೀಕ್ಷೆಯನ್ನು ವೈದ್ಯರಲ್ಲಿ ಕೇಳುವುದೇ ವಿವೇಕ.

ಇದರ ಪರಿಣಾಮವು ಒಂದು ದಿನ ಅನಿರೀಕ್ಷಿತವಾಗಿ ಎದುರಾಗುತ್ತದೆ. ಬಟ್ಟೆ ತೊಡಿಸುವಾಗ, ಸ್ನಾನಕ್ಕೆ ಎತ್ತುವಾಗ ಎಲುಬು ಮುರಿಯುತ್ತದೆ. ಬಹುಮಟ್ಟಿಗೆ ಮೊಣಕಾಲಿನ ಮೇಲಣ ತೊಡೆಯೆಲುಬು. ಮಾತು ಬಾರದ ಮಗು ಅಳುತ್ತದೆ. ಹೊಟ್ಟೆನೋವೆಂದು ಓಮದ ನೀರು ಕುಡಿಸಿ ದಿನಗಳು ಕಳೆಯುತ್ತವೆ. ಎಕ್ಸ್‌ರೇ ಆದಮೇಲೆ ಮನೆಯಲ್ಲಿ ವಿಚಾರಣೆ ಆರಂಭ: ಆಯಾ ಎಳೆದಳೇ? ಅಜ್ಜಿಯ ಕೈ ತಪ್ಪಿತೇ? ವರ್ಷಗಟ್ಟಲೆ ಮಗುವನ್ನು ಹೊತ್ತ ಕೈಗಳೇ ಅಪರಾಧಿಗಳಾಗುತ್ತವೆ. ಎಲುಬು ಸವೆದಿದೆಯೆಂದು ಮೊದಲೇ ತಿಳಿದಿದ್ದರೆ ಅನೇಕ ಸಂಸಾರಗಳಿಗೆ ಈ ಕಹಿ ತಪ್ಪುತ್ತಿತ್ತು.

ಊರಿನ ಹೆಂಚಿನ ಮನೆಗೆ ಅಂಗಳವಿತ್ತು. ಮುಂಬಯಿಯ ಮೂರನೆಯ ಮಹಡಿಯ ಬಿಡಾರಕ್ಕೆ ಅಂಗಳವೂ ಇಲ್ಲ, ಅನೇಕ ಕಡೆ ಲಿಫ್ಟೂ ಇಲ್ಲ. ಕಿಟಕಿಯ ಗಾಜಿನೊಳಗಿಂದ ಬೀಳುವ ಬಿಸಿಲು ಡಿ ಜೀವಸತ್ವವನ್ನು ಕೊಡದು. ಚರ್ಮಕ್ಕೆ ನೇರ ಬಿಸಿಲು ತಾಗಬೇಕು. ಮಗುವನ್ನು ಹೊರಗೆ ಕರೆತರದಿರುವುದಕ್ಕೆ ಮೆಟ್ಟಿಲಷ್ಟೇ ಕಾರಣವೂ ಅಲ್ಲ. ನೆರೆಹೊರೆಯ ನೋಟಕ್ಕೆ ಅಂಜುವ ಸಂಕೋಚವೂ ಇದೆ.

ಆಗಬೇಕಾದದ್ದು ದುಸ್ಸಾಧ್ಯವೇನಲ್ಲ. ಕನ್ನಡಿಗರ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮಗುವಿಗೆ ನುಂಗಲು ಹಿತವಾಗುವಷ್ಟು ಮಂದವಾಗಿ ಅಂಬಲಿ ಮಾಡಿ, ಹಾಲಿನೊಡನೆ ಕೊಡಬಹುದು. ಫಿಸಿಯೋಥೆರಪಿ ತಜ್ಞರ ಸಲಹೆಯಂತೆ ಆಧಾರದ ಚೌಕಟ್ಟಿನಲ್ಲಿ ಮಗುವನ್ನು ನಿತ್ಯ ನಿಲ್ಲಿಸುವುದು ಹಿತಕರ. ಎಣ್ಣೆ ನೀವುವ ನೆಪದಲ್ಲಿ ಬಿಗಿದ ಕಾಲನ್ನು ಬಲವಂತವಾಗಿ ಎಳೆಯಬಾರದು. ಕಾರಣವಿಲ್ಲದೆ ಅಳು ಅಥವಾ ಬಾವು ಕಂಡರೆ ಎಕ್ಸ್‌ರೇಗೆ ತಡಮಾಡಬಾರದು. ಅಲ್ಪ ಪೆಟ್ಟಿಗೇ ಮುರಿದ ಎಲುಬಿಗೆ ಇಂದು ಸಾಂದ್ರತೆಯ ಪರೀಕ್ಷೆಯೂ ಔಷಧವೂ ಉಂಟು, ನಿರ್ಣಯ ತಜ್ಞವೈದ್ಯರದು. ಸರ್ಕಾರದ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ಇಂಥವರಿಗೆ 1 ಲಕ್ಷ ರೂಪಾಯಿಯವರೆಗೆ ಆರೋಗ್ಯವಿಮೆಯಿರುವುದನ್ನೂ ತಂದೆತಾಯಿಗಳು ಅರಿತಿರಬೇಕು.

ಮಿಥು ಅಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಇಂಥ ಮಕ್ಕಳಿಗಾಗಿ ಶಾಲೆ ತೆರೆದು, ಅವರನ್ನು ಮನೆಯ ಮೂಲೆಯಿಂದ ಹೊರತಂದರು. ಆ ಕಾರ್ಯದಲ್ಲಿ ಸಂಘಸಂಸ್ಥೆಗಳ ಪಾಲೂ ಇದೆ. ರಾಜ್ಯೋತ್ಸವದ ಸಭಾಂಗಣಕ್ಕೆ ಗಾಲಿಕುರ್ಚಿ ಏರುವ ಇಳಿಜಾರು ಹಾದಿ ಇರಲಿ. ಮಗುವನ್ನು ಮಹಡಿಯಿಂದಿಳಿಸಲು ತರುಣರ ನಾಲ್ಕು ಕೈಗಳು ಭಾನುವಾರದಂದು ಒದಗಲಿ. ಬೆಳೆಯುವ ವಯಸ್ಸಿನಲ್ಲಿ ಕಟ್ಟದ ಠೇವಣಿಯನ್ನು ಮುಂದೆ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ. ಮಗುವಿಗೆ ನಡೆಯಲು ಬಾರದಿದ್ದರೂ ನೋವಿಲ್ಲದೆ ಬಾಳುವ ಹಕ್ಕು ಅದಕ್ಕೆ ಇದ್ದೇ ಇದೆ.