ಹಿಮಗಡ್ಡೆಗೆ ಕಣ್ಣೀರು, ಬೆಳ್ಳಂದೂರಿಗೆ ಬೆನ್ನು

ಪರಿಸರದ ಅಳಲನ್ನು ವಸ್ತುವಾಗಿಸಿಕೊಂಡ ಪ್ರತಿಷ್ಠಾಪನಾ ಕಲೆಗೆ ಇದು ಸುಗ್ಗಿಯ ಕಾಲ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ವೇಳೆ ಕಲಾವಿದ ಒಲಾಫುರ್ ಎಲಿಯಾಸನ್ ಗ್ರೀನ್‌ಲ್ಯಾಂಡಿನ ಹನ್ನೆರಡು ಹಿಮಗಡ್ಡೆಗಳನ್ನು ನಗರದ ಚೌಕದಲ್ಲಿ ಕರಗಲು ಬಿಟ್ಟರು. 2018ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ಮುಂದೆ 24 ಗಡ್ಡೆಗಳು ಬಂದು ನಿಂತವು. ಅವು ಮೊದಲೇ ಕಳಚಿ ತೇಲುತ್ತಿದ್ದವು, ಅಲ್ಲಿದ್ದರೂ ಕರಗುತ್ತಿದ್ದವು ಎಂಬುದನ್ನು ಒಪ್ಪಬೇಕು. ಆಕ್ಷೇಪವಿರುವುದು ಬೇರೆಡೆ. ಜನ ಗಡ್ಡೆಯನ್ನು ಮುಟ್ಟಿದರು, ತಬ್ಬಿದರು, ಛಾಯಾಚಿತ್ರ ತೆಗೆಸಿಕೊಂಡರು. ಮನುಕುಲವೆಲ್ಲ ಹೊಣೆಯೆಂದು ನಿಟ್ಟುಸಿರಿಟ್ಟು ಮನೆಗೆ ಹೋದರು. ಮನುಕುಲವೆಲ್ಲ ಹೊಣೆಯೆಂದರೆ ತೈಲ ಕಂಪನಿಯೂ ಆ ಗುಂಪಿನಲ್ಲಿ ಮರೆಯಾಗುತ್ತದೆ. ಇದೇ ಟೇಟ್ ಸಂಸ್ಥೆ 2017ರವರೆಗೆ, ಕಾಲು ಶತಮಾನಕ್ಕೂ ಮಿಗಿಲಾಗಿ, ಬಿ.ಪಿ. ತೈಲ ಕಂಪನಿಯ ಪ್ರಾಯೋಜಕತ್ವ ಪಡೆದಿತ್ತು!

ಬೆಂಗಳೂರಿಗೂ ಈ ಗಾಳಿ ಬೀಸಿದೆ. 2024ರಲ್ಲಿ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ 'ಕಾರ್ಬನ್' ಪ್ರದರ್ಶನದೊಂದಿಗೆ ಬಾಗಿಲು ತೆರೆಯಿತು. ಪ್ರವೇಶ ಉಚಿತ, ಮೆಚ್ಚತಕ್ಕದ್ದೇ. ಆದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳು ವಾರದ ಒಂದೇ ರಜೆಯಲ್ಲಿ ಸಿಲ್ಕ್ ಬೋರ್ಡ್ ದಾಟಿ, ಊರಿನ ಇನ್ನೊಂದು ಮಗ್ಗುಲಿಗೆ ಹೋಗಿ ಇಂಗಾಲದ ಪಾಠ ಕಲಿಯಬೇಕೇ? ಹೊಸೂರು ರಸ್ತೆಯ ಹೊಗೆ ಅದನ್ನು ದಿನವೂ ಕಲಿಸುತ್ತಿದೆ. ಮಡಿವಾಳ, ಅಗರ ಕೆರೆಗಳ ನೀರು ಹರಿದು ಸೇರುವ ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲೂ 2018ರ ಜನವರಿಯಲ್ಲೂ ಹೊತ್ತಿ ಉರಿಯಿತು. ಅಷ್ಟು ಕೊಳಚೆಯನ್ನು ಶುದ್ಧೀಕರಿಸದೆ ಕೆರೆಗೆ ಬಿಟ್ಟವರಾರು ಎಂಬುದು ಗುಟ್ಟೇನಲ್ಲ.

ಹೆಸರು ಹೇಳದ ಕಲೆ ಅಧಿಕಾರಕ್ಕೆ ಬಲು ಪ್ರಿಯ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ 2000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆಯನ್ನು ಸಮರ್ಥಿಸುವವರೂ ಇಂತಹ ಪ್ರದರ್ಶನವನ್ನು ಯಾವ ಮುಜುಗರವೂ ಇಲ್ಲದೆ ಉದ್ಘಾಟಿಸಬಲ್ಲರು.

ಕಲೆಯೇ ನಿಷ್ಪ್ರಯೋಜಕವೆಂದು ಇದರ ಅರ್ಥವಲ್ಲ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯೊಂದನ್ನು ಇಟ್ಟರು. ಅದಕ್ಕೆ ಟಿಕೇಟಿರಲಿಲ್ಲ, ವಿವರಣೆಯ ಫಲಕವಿರಲಿಲ್ಲ. ಗುಂಡಿ ಯಾರ ಹೊಣೆಯೆಂದು ದಾರಿಹೋಕನಿಗೂ ತಿಳಿದಿತ್ತು, ಪಾಲಿಕೆಗೂ ತಿಳಿದಿತ್ತು. ಗುಂಡಿ ಮುಚ್ಚಿತು. 2019ರಲ್ಲಿ ಗಗನಯಾತ್ರಿಯ ವೇಷಧಾರಿಯನ್ನು ಇನ್ನೊಂದು ರಸ್ತೆಯ ಗುಂಡಿಗಳ ಮೇಲೆ ಅವರು ನಡೆಸಿದಾಗಲೂ ದುರಸ್ತಿಯ ಯಂತ್ರಗಳು ಧಾವಿಸಿದವು.

ಮುಂದಿನ ಪ್ರತಿಷ್ಠಾಪನೆಯನ್ನು ಬೆಳ್ಳಂದೂರಿನ ಕೋಡಿಯ ಬಳಿ ಇಡಲಿ. ಪಕ್ಕದ ಫಲಕದಲ್ಲಿ ಕಲಾವಿದರ ಹೆಸರಿನ ಕೆಳಗೆ, ಕೊಳಚೆ ಬಿಟ್ಟವರ ಹೆಸರೂ ಅದನ್ನು ತಡೆಯಬೇಕಾದ ಅಧಿಕಾರಿಯ ಹುದ್ದೆಯೂ ಇರಲಿ.