ಶಬ್ದಕ್ಕೆ ಎಚ್ಚರಗೊಳ್ಳುವ ಮದ್ದು, ನಮ್ಮ ಉಳಿತಾಯದ ದುಡ್ಡು

ಅಲ್ಟ್ರಾಸೌಂಡ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸ್ಕ್ಯಾನಿಂಗ್ ಮಾತ್ರ ಗೊತ್ತು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಕಿಡ್ನಿಯಲ್ಲಿ ಕಲ್ಲಿದೆಯೇ ಎಂದು ನೋಡುವುದು. ಅದೇ ಶಬ್ದತರಂಗದಿಂದ ಚಿಕಿತ್ಸೆಯೂ ನಡೆಯುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದೇ ಚುಕ್ಕೆಗೆ ತಂದು ಕಾಗದ ಸುಡುವ ಹಾಗೆ, ಶಬ್ದವನ್ನು ಮೈಯೊಳಗಿನ ಒಂದು ಚುಕ್ಕೆಗೆ ಸೇರಿಸಿ ಬಿಸಿ ಮಾಡುತ್ತಾರೆ. ಅಮೆರಿಕದ ಎಫ್‌ಡಿಎ ಇದನ್ನು 2004ರಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗೆ, 2016ರಲ್ಲಿ ಕೈ ನಡುಗುವ ಕಾಯಿಲೆಗೆ ಒಪ್ಪಿತು. (ಬೆನ್ನುನೋವಿಗೆ ಫಿಸಿಯೋಥೆರಪಿಯವರು ಉಜ್ಜುವ ಅಲ್ಟ್ರಾಸೌಂಡ್ ಬೇರೆ. ಅದರಿಂದ ಬೆನ್ನುನೋವು ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.)

ಈಗ ವಾಟ್ಸಾಪ್‌ನಲ್ಲಿ ಓಡಾಡುವುದು ಇದರ ಮುಂದಿನ ಹೆಜ್ಜೆ: ಮದ್ದು ಕೊಟ್ಟು ಶಬ್ದ ಹಾಯಿಸಿದರೆ ಕ್ಯಾನ್ಸರ್ ಮಾಯ ಎಂಬ ಸುದ್ದಿ. ಇದು ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ.

ಶಬ್ದದ ಶಕ್ತಿ ಹೆಚ್ಚಿಸಿದರೆ ದಾರಿಯಲ್ಲಿರುವ ಒಳ್ಳೆಯ ಮಾಂಸವೂ ಸುಡಬಹುದು. ಹಾಗಾಗಿ ಕಡಿಮೆ ಶಬ್ದಕ್ಕೇ ಗಡ್ಡೆ ಸಾಯುವಂತೆ ಮಾಡುವ ವಸ್ತುವನ್ನು ಹುಡುಕಿದರು. ಇದೇ ಸೆನ್ಸಿಟೈಸರ್. 1989ರಲ್ಲಿ ಜಪಾನಿನ ಯುಮಿಟಾ ಮತ್ತು ಸಂಗಡಿಗರು, ಹೆಮಟೊಪೋರ್ಫಿರಿನ್ ಎಂಬ ವಸ್ತು ಜೊತೆಗಿದ್ದರೆ ಅಲ್ಟ್ರಾಸೌಂಡ್ ಕ್ಯಾನ್ಸರ್ ಕೋಶಗಳನ್ನು ಹೆಚ್ಚು ಕೊಲ್ಲುತ್ತದೆ ಎಂದು ತೋರಿಸಿದರು. ಇಂದು ಹೆಚ್ಚು ಕೇಳಿಬರುವ ಹೆಸರು 5-ಎಎಲ್‌ಎ. ಮಿದುಳಿನ ಗಡ್ಡೆಯ ಆಪರೇಷನ್‌ಗೆ ಮುಂಚೆ ಇದನ್ನು ಕುಡಿಸಿದರೆ, ನೀಲಿ ಬೆಳಕಿನಲ್ಲಿ ಗಡ್ಡೆ ಗುಲಾಬಿಯಾಗಿ ಹೊಳೆಯುತ್ತದೆ. ಸರ್ಜನ್‌ಗೆ ಎಲ್ಲಿ ಕತ್ತರಿಸಬೇಕೆಂದು ಕಾಣುತ್ತದೆ. ಅದೇ ಗಡ್ಡೆಗೆ ಬೆಳಕಿನ ಬದಲು ಶಬ್ದ ಹಾಯಿಸಿ ಕೊಲ್ಲಬಹುದೇ ಎಂಬ ಪರೀಕ್ಷೆ ರೋಗಿಗಳ ಮೇಲೆ ನಡೆಯುತ್ತಿದೆ. ಬೆಳಕು ಮಾಂಸದೊಳಗೆ ಕೆಲವೇ ಮಿಲಿಮೀಟರ್ ಹೋಗುತ್ತದೆ, ಶಬ್ದ ತಲೆಬುರುಡೆ ದಾಟಿ ಆಳಕ್ಕೆ ಇಳಿಯುತ್ತದೆ.

ಇನ್ನೊಂದು ದಾರಿ ಗುಳ್ಳೆಗಳದು. ರಕ್ತದ ಕೆಂಪು ಕಣಕ್ಕಿಂತಲೂ ಸಣ್ಣ ಅನಿಲದ ಗುಳ್ಳೆಗಳನ್ನು ನರಕ್ಕೆ ಚುಚ್ಚುತ್ತಾರೆ. ಶಬ್ದ ತಾಗಿದಾಗ ಅವು ಕುಣಿದು, ಮಿದುಳಿನ ರಕ್ತನಾಳದ ಬಿಗಿ ಗೋಡೆಯನ್ನು ಕೆಲವು ಗಂಟೆ ಸಡಿಲಿಸುತ್ತವೆ. ಮದ್ದು ಒಳಗೆ ಹೋಗುತ್ತದೆ, ಗೋಡೆ ಮತ್ತೆ ಮುಚ್ಚುತ್ತದೆ. ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆ 2015ರಲ್ಲಿ ಮಿದುಳು ಗಡ್ಡೆಯ ರೋಗಿಗೆ ಇದನ್ನು ಮಾಡಿತು.

ಇಷ್ಟೆಲ್ಲ ನಿಜ. ಆದರೆ ಇದು ಪ್ರಯೋಗ, ಅಂಗಡಿಯಲ್ಲಿ ಕೊಳ್ಳುವ ಚಿಕಿತ್ಸೆಯಲ್ಲ. ನನ್ನ ತಕರಾರು ವಿಜ್ಞಾನಿಗಳ ಮೇಲಲ್ಲ, ಈ ವ್ಯತ್ಯಾಸವನ್ನು ಮರೆಮಾಚಿ ಪ್ಯಾಕೇಜ್ ಮಾರುವವರ ಮೇಲೆ. ಊರಿನಿಂದ ಫೋನ್ ಬರುತ್ತದೆ: ಅಪ್ಪನಿಗೆ ಹೀಗಾಗಿದೆ, ಹೊಸ ಚಿಕಿತ್ಸೆ ಇದೆಯಂತೆ, ದುಡ್ಡು ಬೇಕು. ಅಪ್ಪನ ಪಕ್ಕ ಕೂರಲು ರಜೆ ಸಿಗದವನು ದುಡ್ಡಾದರೂ ಕಳಿಸೋಣ ಎಂದುಕೊಳ್ಳುತ್ತಾನೆ. ಕ್ಯಾಂಪಿನ ರೂಮಿನಲ್ಲಿ ಕೂತು ಗ್ರಾಚ್ಯುಟಿ ಎಷ್ಟಾದೀತೆಂದು ಲೆಕ್ಕ ಹಾಕುತ್ತಾನೆ, ಊರಲ್ಲಿ ಹೆಂಡತಿಯ ಚಿನ್ನ ಬ್ಯಾಂಕಿಗೆ ಹೋಗುತ್ತದೆ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಈ ನಡುವೆ ಆಪರೇಷನ್ನೋ ರೇಡಿಯೇಷನ್ನೋ ಆಗಬೇಕಿದ್ದ ವಾರಗಳು ಕಳೆದುಹೋಗುತ್ತವೆ.

ಕೊನೆಯ ಆಸೆಗೆ ಅಡ್ಡ ಬರಬೇಡಿ ಎನ್ನುವವರಿದ್ದಾರೆ. ಪ್ರಯೋಗಕ್ಕೆ ಸೇರುವುದು ತಪ್ಪಲ್ಲ, ಬೇರೆ ದಾರಿ ಮುಗಿದಿದ್ದರೆ ನಾನೂ ಸಹಿ ಹಾಕುತ್ತೇನೆ. ಆದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ಮಾಮೂಲಿ ಚಿಕಿತ್ಸೆಯ ಖರ್ಚನ್ನು ಬಿಟ್ಟರೆ ಸಂಶೋಧನೆಯ ಖರ್ಚನ್ನು ರೋಗಿಯಿಂದ ಪಡೆಯುವಂತಿಲ್ಲ. ಪ್ರಯೋಗಕ್ಕೆ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಸಂಖ್ಯೆ ಇರಬೇಕು, ಮೊಬೈಲಿನಲ್ಲೇ ಹುಡುಕಬಹುದು. ಪ್ರಯೋಗವಲ್ಲ, ಒಪ್ಪಿಗೆ ಪಡೆದ ಚಿಕಿತ್ಸೆಯೇ ಎಂದರೆ, ಯಾವ ರೋಗಕ್ಕೆ ಒಪ್ಪಿಗೆ ಇದೆ ಎಂದು ಬರೆದುಕೊಡಲು ಹೇಳಿ. ಆ ಕಾಗದ ಹಿಡಿದು ಬೆಂಗಳೂರಿನ ಕಿದ್ವಾಯಿಯಂಥ ಕಡೆ ಇನ್ನೊಬ್ಬ ಡಾಕ್ಟರ ಮಾತು ಕೇಳಿ.

ನಮ್ಮ ಸಂಘದಲ್ಲಿ ನರ್ಸ್‌ಗಳು, ಲ್ಯಾಬ್ ಮತ್ತು ಸ್ಕ್ಯಾನಿಂಗ್ ಕೆಲಸದವರು ಇದ್ದಾರೆ. ಎಕ್ಸ್‌ಚೇಂಜ್‌ಗೆ ಹೋಗುವ ಮೊದಲು ಆ ಕಾಗದದ ಫೋಟೊವನ್ನು ಅವರಲ್ಲೊಬ್ಬರಿಗೆ ಕಳಿಸಿ.