ಬೆರಳಿಗೂ ಬಹುಮಾನ ಬೇಕು

ಓಟ, ಕಬಡ್ಡಿ, ಭಾಷಣಗಳ ಪಂದ್ಯಗಳನ್ನು ನಮ್ಮ ಹೈಸ್ಕೂಲುಗಳು ಉತ್ಸಾಹದಿಂದ ನಡೆಯಿಸುತ್ತವೆ. ಶೀಘ್ರಲಿಪಿ, ಬೆರಳಚ್ಚು, ಜಮಾಖರ್ಚುಗಳ ಪಂದ್ಯಗಳಿಗೂ ಅಷ್ಟೇ ಮನ್ನಣೆ ದೊರೆಯಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯವು. ಭಾಲ್ಕಿ ತಾಲೂಕಿನ ಮೆಹಕರದಂತಹ ಊರುಗಳಿಗೆ ಇದರ ಆವಶ್ಯಕತೆಯು ವಿಶೇಷವಾಗಿದೆ.

ನಿಜಾಮರ ಆಳಿಕೆಯಲ್ಲಿ ಬೀದರಕ್ಕೆ ಉರ್ದುವೇ ಆಡಳಿತಭಾಷೆಯಾಗಿದ್ದಿತು. 1956ರ ನವೆಂಬರ 1ರಂದು ಈ ಜಿಲ್ಲೆಯು ಏಕೀಕೃತ ಕನ್ನಡ ನಾಡನ್ನು ಸೇರಿತು. 1963ರ ಕಾಯಿದೆಯು ಕನ್ನಡವನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿತು. ಸಂವಿಧಾನದ 371(ಜೆ) ವಿಧಿಯು 2013ರಿಂದ ಇಲ್ಲಿಯ ತರುಣರಿಗೆ ಸರಕಾರಿ ನೌಕರಿಗಳಲ್ಲಿ ಮೀಸಲಾತಿಗೆ ದಾರಿ ತೆರೆದಿದೆ. ಆದರೆ ಕಾಯಿದೆಯು ಕುರ್ಚಿಯನ್ನು ಕೊಡಬಲ್ಲದು, ಕೈಚಳಕವನ್ನು ಕೊಡಲಾರದು. ನುಡಿದುದನ್ನು ನುಡಿದಂತೆಯೇ ಬರೆದುಕೊಳ್ಳುವ, ತಪ್ಪಿಲ್ಲದೆ ಅಚ್ಚಿಸುವ, ಲೆಕ್ಕವನ್ನು ಪೈಸೆಗೆ ಪೈಸೆ ತಾಳೆ ಹಾಕುವ ಬೆರಳುಗಳಿಲ್ಲದಿದ್ದರೆ ಕನ್ನಡದ ಆಡಳಿತವು ಬರಿಯ ಘೋಷಣೆಯಾಗಿ ಉಳಿದೀತು. ಬೆರಳಚ್ಚು ಯಂತ್ರವು ಹೋಗಿ ಗಣಕಯಂತ್ರವು ಬಂದರೂ ಈ ಮಾತು ಸುಳ್ಳಾಗಿಲ್ಲ.

ಇದು ಕೀಳು ಕಸುಬೆಂದು ಯಾರೂ ಮೂಗು ಮುರಿಯದಿರಲಿ. ಬಿಜ್ಜಳನ ಭಂಡಾರದ ಲೆಕ್ಕವನ್ನು ಬಸವಣ್ಣನವರು ನೋಡಿಕೊಂಡ ಕಲ್ಯಾಣವು ಇದೇ ಜಿಲ್ಲೆಯಲ್ಲಿದೆ.

ಶಿಕ್ಷಕ ಬಂಧುಗಳೇ, ಮುಂದಿನ ಶಾಲೋತ್ಸವದಲ್ಲಿ ಈ ಮೂರು ಪಂದ್ಯಗಳನ್ನು ಕನ್ನಡದಲ್ಲಿಯೇ ಏರ್ಪಡಿಸಿರಿ. ವೇಗಕ್ಕೆ ಒಂದು ಬಹುಮಾನವಿರಲಿ, ಶುದ್ಧತೆಗೆ ಎರಡಿರಲಿ.